ಟೈಪ್ ಮಾಡಿಕೊಟ್ಟವಳು

"ಅಮ್ಮಾ, ನಾನು ಕದ್ದಿದ್ದೀನಂತೆ."

ವಿಶ್ವವಿದ್ಯಾಲಯದಿಂದ ಬಂದ ಮಗಳು ಗುಬ್ಬಿ ಚಪ್ಪಲಿಯನ್ನೂ ಬಿಡದೆ ಸೀದಾ ಊಟದ ಮೇಜಿನ ಮುಂದೆ ನಿಂತು ಹೀಗೆಂದಾಗ ಕಂಡಕ್ಟರಮ್ಮ ಬೀನ್ಸ್ ಮುರಿಯುತ್ತಿದ್ದಳು. ಕೈಯಲ್ಲಿದ್ದ ತುಂಡು ಬಟ್ಟಲಿಗೆ ಬೀಳುವ ಬದಲು ನೆಲಕ್ಕೆ ಬಿತ್ತು.

"ಏನು ಕದ್ದೆ? ಯಾರ ಮನೇದು?"

"ನಮ್ಮ ಮನೇದೇ. ಅಣ್ಣಂದು."

ಕಂಡಕ್ಟರಮ್ಮ ಬಸ್ಸಿನ ಕೆಲಸದಲ್ಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವಳು. ಗಂಡ ತೀರಿಕೊಂಡ ಮೇಲೆ ಚರ್ಮದ ಚೀಲ ಹೆಗಲಿಗೆ ಹಾಕಿಕೊಂಡು ಇಬ್ಬರು ಮಕ್ಕಳನ್ನು ದಡ ಸೇರಿಸಿದ್ದಳು. ಟಿಕೆಟ್ ತೆಗೆದುಕೊಳ್ಳದೆ ನಿದ್ದೆಯ ನಾಟಕವಾಡುವವರನ್ನು ರೆಪ್ಪೆ ನೋಡಿಯೇ ಹಿಡಿಯುತ್ತಿದ್ದಳು. ಹಿಡಿದ ಮೇಲೆ ಅವರು ಯಾರೇ ಆಗಿರಲಿ, ಮುಂದಿನ ಸ್ಟಾಪಿನಲ್ಲಿ ಇಳಿಸುವುದೇ. ಒಮ್ಮೆ ಸ್ವಂತ ನಾದಿನಿಯನ್ನೇ ಇಳಿಸಿದ್ದಳೆಂದು ನೆಂಟರು ಇವತ್ತಿಗೂ ಆಡಿಕೊಳ್ಳುತ್ತಾರೆ. ಅಂಥವಳ ಮಗಳು ಕಳ್ಳಿ ಅಂದರೆ!

"ಕೂತ್ಕೋ ಮೊದ್ಲು. ನೀರು ಕುಡಿ. ಆಮೇಲೆ ಬಿಡಿಸಿ ಹೇಳು."

ಗುಬ್ಬಿ ಕೂತಳು. ನಲವತ್ತು ದಾಟಿದ ಹೆಂಗಸನ್ನು ಗುಬ್ಬಿ ಅನ್ನುವುದು ವಿಚಿತ್ರವೇ, ಆದರೆ ಆ ಮನೆಯಲ್ಲಿ ಒಮ್ಮೆ ಅಂಟಿದ ಹೆಸರು ಬಿಡುತ್ತಿರಲಿಲ್ಲ. ಹಗಲೆಲ್ಲ ನೀರು ಸರಬರಾಜು ಕಚೇರಿಯಲ್ಲಿ ಕೂತು ದೂರು ಹೇಳುವವರ ಫೋನಿಗೆ ಉತ್ತರ ಕೊಡುವುದು ಅವಳ ಕೆಲಸ. ಸಂಜೆ ಮತ್ತು ರಜೆಗಳಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಪಿಎಚ್.ಡಿ. ಹಳೆಯ ಇಂಗ್ಲಿಷ್ ನಾಟಕಗಳಲ್ಲಿ ಬಾಗಿಲು ತೆಗೆದು, ಯಾರೋ ಬಂದಿದ್ದಾರೆ ಅಂತ ಒಂದು ಮಾತು ಹೇಳಿ ಒಳಗೆ ಹೋಗುವ ಆಳುಗಳಿರುತ್ತಾರಲ್ಲ, ಅವರ ಭಾಷೆಯ ಬಗ್ಗೆ ಅವಳ ಅಧ್ಯಯನ. ಕಂಡಕ್ಟರಮ್ಮ ಇದನ್ನು ಮೊದಲು ಕೇಳಿದಾಗ, "ಒಂದು ಮಾತಾಡಿ ಹೋದ್ರು, ಮುಗೀತು. ಅದ್ರಲ್ಲಿ ಬರೆಯೋಕೆ ಏನಿದೆ?" ಎಂದು ನಕ್ಕಿದ್ದಳು. ವರ್ಷಗಟ್ಟಲೆ ದುಡಿದ ಮೇಲೆ ಪ್ರಬಂಧ ಮುಗಿದು, ಸಲ್ಲಿಸುವ ಹೊತ್ತಿಗೆ ಈ ಸಿಡಿಲು.

"ಬರೆದದ್ದನ್ನೆಲ್ಲ ಕಂಪ್ಯೂಟರಿಗೆ ಹಾಕಿ ನೋಡ್ತಾರಮ್ಮ. ಬೇರೆಯವರ ವಾಕ್ಯ ಸಿಕ್ಕಿದ್ರೆ ಕೆಂಪು ಬಣ್ಣ ಬರುತ್ತೆ. ಹಳೇ ಪ್ರಬಂಧಗಳನ್ನೆಲ್ಲ ಈಗ ಅದ್ರೊಳಗೆ ಸೇರಿಸಿದ್ದಾರೆ, ಅಣ್ಣಂದೂ ಸೇರಿದೆ. ನನ್ನ ಮೂರನೇ ಅಧ್ಯಾಯ ಪೂರ್ತಿ ಕೆಂಪು. ಸಮಿತಿ ಕೂರುತ್ತಂತೆ. ಕದ್ದಿದ್ದು ನಿಜ ಅಂತಾದ್ರೆ ಹೆಸರು ಹೊಡೆದುಹಾಕ್ತಾರೆ, ಇನ್ನು ಈ ಜನ್ಮದಲ್ಲಿ ಮತ್ತೆ ಸೇರ್ಕೊಳ್ಳೋಕಾಗಲ್ಲ."

"ನೀನು ಅವನದನ್ನ ನೋಡ್ಕೊಂಡು ಬರೆದ್ಯಾ?"

"ನೋಡಲೇ ಇಲ್ಲ. ನೋಡೋದು ಯಾಕೆ?" ಗುಬ್ಬಿ ತಾಯಿಯ ಮುಖ ನೋಡಿದಳು. ಲೋಟ ಕೆಳಗಿಟ್ಟು ಎದ್ದು ಹೋದಳು. ಕಂಡಕ್ಟರಮ್ಮ ಬಗ್ಗಿ ನೆಲದ ಮೇಲಿನ ಬೀನ್ಸ್ ಹುಡುಕತೊಡಗಿದಳು. ಒಂದೇ ತುಂಡು ಬಿದ್ದಿತ್ತು, ಆದರೆ ತುಂಬ ಹೊತ್ತು ಹುಡುಕಿದಳು.

ಆ ಸಂಜೆ ಮೇಷ್ಟ್ರು ಮನೆಗೆ ಬಂದದ್ದು ಕುಣಿಯುವ ಹೆಜ್ಜೆಯಲ್ಲಿ. ಕಂಡಕ್ಟರಮ್ಮನ ಮಗನನ್ನು ಮನೆಯವರೂ ಮೇಷ್ಟ್ರು ಅನ್ನುವುದೇ ರೂಢಿ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ, ಹೆಸರಿನ ಹಿಂದೆ ಡಾಕ್ಟರ್, ಕುತ್ತಿಗೆಯಲ್ಲಿ ದಾರ ಕಟ್ಟಿದ ಕನ್ನಡಕ, ಮಾತಿನಲ್ಲಿ ಸದಾ ಒಂದು ತೂಕ.

"ಅಮ್ಮಾ, ಮುಂದಿನ ತಿಂಗಳಿಂದ ವಿಭಾಗಕ್ಕೆ ನಾನೇ ಮುಖ್ಯಸ್ಥ. ಪ್ರಿನ್ಸಿಪಾಲರೇ ಬಾಯಿಬಿಟ್ಟು ಹೇಳಿದ್ರು."

ಆ ಮನೆಯಲ್ಲಿ ಇದ್ದದ್ದು ಒಂದೇ ಮೇಜು. ಮೊಮ್ಮಗಳ ಲೆಕ್ಕ, ಮೇಷ್ಟ್ರ ಉತ್ತರಪತ್ರಿಕೆ, ಗುಬ್ಬಿಯ ಕಂಪ್ಯೂಟರು ಎಲ್ಲ ಅದರ ಮೇಲೇ. ಊಟದ ಹೊತ್ತಿಗೆ ಕಂಡಕ್ಟರಮ್ಮ, "ಖಾಲಿ ಮಾಡಿ, ಖಾಲಿ ಮಾಡಿ, ಮುಂದಕ್ಕೆ ಹೋಗಿ" ಎಂದು ಬಸ್ಸಿನಲ್ಲಿ ಕೂಗಿದಂತೆ ಕೂಗುತ್ತಿದ್ದಳು. ಅವತ್ತು ಕೂಗಲಿಲ್ಲ. ಎಲ್ಲರೂ ತಾವೇ ಸರಿಸಿಕೊಂಡು ಕೂತರು. ಅನ್ನ, ಬೇಳೆ, ಬೀನ್ಸ್, ತಲೆಗೊಂದು ಮೊಟ್ಟೆ.

ಗುಬ್ಬಿ ವಿಷಯ ಹೇಳಿದಳು. ಮೇಷ್ಟ್ರು ಗಟ್ಟಿಯಾಗಿ ನಕ್ಕುಬಿಟ್ಟರು.

"ಎಲಾ ಇವಳಾ! ನನ್ನದನ್ನೇ ಎತ್ತಿಬಿಟ್ಯಾ? ಒಂದು ಮಾತು ಕೇಳಿದ್ರೆ ನಾನೇ ಕೊಡ್ತಿರಲಿಲ್ವಾ?"

"ಅಣ್ಣ, ಅದು ನಾನೇ ಬರೆದಿದ್ದಲ್ವಾ?"

ಮೇಷ್ಟ್ರ ನಗು ಬಾಯಲ್ಲೇ ಉಳಿಯಿತು. ಮೊಟ್ಟೆ ಬಿಡಿಸುತ್ತಿದ್ದ ಸೊಸೆ ತಲೆಯೆತ್ತಿದಳು. ಔಷಧಿ ಅಂಗಡಿ ನಡೆಸುವ ಅವಳಿಗೆ ಅರ್ಧ ಮಾತು ಕೇಳಿ ಸುಮ್ಮನಿರುವ ಅಭ್ಯಾಸವಿಲ್ಲ.

"ಏನು ನೀನು ಬರೆದಿದ್ದು, ಗುಬ್ಬಿ?"

"ಟೈಪ್ ಮಾಡಿದ್ದು ಅಂತ ಅವಳು ಹೇಳ್ತಿರೋದು," ಎಂದರು ಮೇಷ್ಟ್ರು. "ನಮ್ಮ ಮದುವೆಗೆ ಮುಂಚೆ ನನಗೆ ಕಾಮಾಲೆ ಆಗಿ ಮಲಗಿದ್ನಲ್ಲ, ಆಗ ಟೈಪ್ ಮಾಡಿಕೊಟ್ಟಳು. ಪ್ರಬಂಧದ ಮೊದಲನೇ ಪುಟದಲ್ಲೇ ಹಾಕಿದ್ದೀನಿ, ಟೈಪ್ ಮಾಡಿಕೊಟ್ಟ ತಂಗಿಗೆ ಋಣಿ ಅಂತ."

"ಟೈಪ್ ಮಾಡಿದ್ದಲ್ಲ ಅತ್ತಿಗೆ. ಮೊದಲೆರಡು ಅಧ್ಯಾಯ ಅಣ್ಣಂದು. ಮೂರನೇದು, ನಾಲ್ಕನೇದು, ಕೊನೇದು ನಾನು ಬರೆದಿದ್ದು. ಒಂದೊಂದು ವಾಕ್ಯಕ್ಕೆ ದಿನಗಟ್ಟಲೆ ಒದ್ದಾಡಿದ್ದೀನಿ. ಈಗ ಮತ್ತೆ ಅದೇ ವಿಷಯ ಬರೆಯೋಕೆ ಕೂತ್ರೆ ಅವೇ ಬಂದ್ವು. ಅವು ಅಣ್ಣನ ಹೆಸರಲ್ಲಿವೆ ಅನ್ನೋದೇ ನನಗೆ ಮರೆತುಹೋಗಿತ್ತು."

ಮರೆತುಹೋಗಿತ್ತಂತೆ! ಲೋಕದಲ್ಲಿ ಯಾರು ಬೇಕಾದರೂ ಮಾಡಬಹುದಾದ ತಪ್ಪೇ ಇದು? ತನ್ನ ಬೆವರನ್ನು ಇನ್ನೊಬ್ಬರಿಗೆ ಕೊಟ್ಟು, ಕೊಟ್ಟದ್ದನ್ನೂ ಮರೆತು, ಕೊನೆಗೆ ಅದಕ್ಕೇ ಕಳ್ಳಿ ಅನ್ನಿಸಿಕೊಳ್ಳುವುದು ಗುಬ್ಬಿಯೊಬ್ಬಳಿಗೇ ಸಾಧ್ಯ.

"ಅಮ್ಮಾ, ನೀನೇ ಹೇಳು," ಎಂದರು ಮೇಷ್ಟ್ರು. "ನೀನೂ ಇದೇ ಮನೇಲಿದ್ದೆ. ಟೈಪ್ ಮಾಡಿಕೊಟ್ಟಳು ಅಂತ ನೀನೇ ಊರಿಗೆಲ್ಲ ಹೇಳ್ತಿದ್ದೆಯಲ್ಲ."

ಎಲ್ಲರ ಕಣ್ಣೂ ಕಂಡಕ್ಟರಮ್ಮನ ಕಡೆ ತಿರುಗಿತು.

"ಬೇಳೆ ಆರಿಹೋಗ್ತಿದೆ, ಊಟ ಮಾಡಿ," ಎಂದಳು ಕಂಡಕ್ಟರಮ್ಮ.

ಊಟವಾದ ಮೇಲೆ ಅವಳೊಬ್ಬಳೇ ಪಾತ್ರೆ ತೊಳೆಯಲು ನಿಂತಳು. ಅವಳಿಗೆ ಇಂಗ್ಲಿಷ್ ಬಾರದು, ಟಿಕೆಟ್ಟಿನ ಮೇಲಿನ ಅಂಕಿ ಬಿಟ್ಟರೆ ಅದರಲ್ಲಿ ಬೇರೇನೂ ಓದಲಾರಳು. ಆದರೆ ಕಣ್ಣಿತ್ತು. ಮಗನಿಗೆ ಕಾಮಾಲೆಯಾದ ಆ ದಿನಗಳಲ್ಲಿ ಮೇಜಿನ ಮೇಲೆ ಹೊಟ್ಟೆ ದಪ್ಪದ ಹಳೆಯ ಕಂಪ್ಯೂಟರಿತ್ತು, ಊಟದ ಹೊತ್ತಿಗೆ ಅದರ ಮುಂದಿನ ಜಾಗ ಖಾಲಿ ಮಾಡುತ್ತಿದ್ದವಳು ತಾನೇ. ನೋಡಿ ಟೈಪ್ ಮಾಡಲು ಪಕ್ಕದಲ್ಲಿ ಒಂದು ಹಾಳೆಯಾದರೂ ಇರಬೇಡವೇ? ಇರಲಿಲ್ಲ. ಮಗ ಬಾಗಿಲು ಹಾಕಿಕೊಂಡು ಒಳಗೆ ಮಲಗಿರುತ್ತಿದ್ದ. ಗುಬ್ಬಿ ಗೋಡೆ ನೋಡುತ್ತ ಕೂತಿರುತ್ತಿದ್ದಳು. ಒಂದು ಸಾಲು ಹೊಡೆಯುವಳು, ಬಾಯಲ್ಲಿ ಅಂದು ನೋಡುವಳು, ಅಳಿಸುವಳು, ಮತ್ತೆ ಗೋಡೆ ನೋಡುವಳು.

ಕಂಡಕ್ಟರಮ್ಮನಿಗೆ ಆಗಲೇ ಎಲ್ಲ ಗೊತ್ತಾಗಿತ್ತು. ಗೊತ್ತಾದರೂ ತುಟಿ ಬಿಚ್ಚಲಿಲ್ಲ. ಆ ಪದವಿ ಸಿಗದಿದ್ದರೆ ಮಗನ ಕೆಲಸ ಕಾಯಂ ಆಗುತ್ತಿರಲಿಲ್ಲ. ಕಾಯಿಲೆಯವನು, ಮದುವೆ ನಿಶ್ಚಯವಾದವನು. ಮಗಳೇ ತಾನೆ, ಮನೆಯೊಳಗಿನ ಕೆಲಸವೇ ತಾನೆ ಎಂದುಕೊಂಡಳು. ಎಲ್ಲ ಮುಗಿದ ಮೇಲೆ ಗುಬ್ಬಿ, "ಅಮ್ಮಾ, ಈಗ ನಾನೂ ಪಿಎಚ್.ಡಿ.ಗೆ ಸೇರ್ಲಾ?" ಎಂದು ಕೇಳಿದಾಗ, "ಮನೆಗೆ ಒಬ್ಬ ಡಾಕ್ಟರ್ ಸಾಕು" ಎಂದು ಯಾರದೋ ಕೈಕಾಲು ಹಿಡಿದು ನೀರಿನ ಕಚೇರಿಯಲ್ಲಿ ಕೂರಿಸಿ ಬಂದವಳೂ ಅವಳೇ. ಬಸ್ಸಿನಲ್ಲಿ ಟಿಕೆಟ್ ಇಲ್ಲದ ಯಾರನ್ನೂ ಕೂರಗೊಡದವಳು ಮನೆಯಲ್ಲಿ ಮಗನನ್ನು ಇಷ್ಟು ವರ್ಷ ಕೂರಿಸಿಕೊಂಡು ಬಂದಿದ್ದಳು.

ವಾರ ಕಳೆಯುವಷ್ಟರಲ್ಲಿ ಮನೆ ಮನೆಯಾಗಿ ಉಳಿದಿರಲಿಲ್ಲ. ಒಬ್ಬರು ಅಡುಗೆಮನೆಗೆ ಬಂದರೆ ಇನ್ನೊಬ್ಬರು ಹೊರಗೆ ಹೋಗುವರು. ಬಟ್ಟೆ ಒಗೆಯುವ ಸರದಿ ತಪ್ಪಿತು, ಹಾಲು ಎರಡು ಸಲ ಉಕ್ಕಿತು. ಮೇಷ್ಟ್ರು ತಂಗಿಗೆ ಒಂದು ಉಪಾಯ ಹೇಳಿದರು.

"ನೋಡು, ಹಿಂದೆ ಟೈಪ್ ಮಾಡಿದ್ದು ಮನಸ್ಸಲ್ಲಿ ಉಳಿದುಹೋಗಿತ್ತು, ಗೊತ್ತಿಲ್ಲದೆ ಬಂತು, ಕ್ಷಮಿಸಿ ಅಂತ ಬರೆದುಕೊಡು. ನಾನೂ ಎರಡು ಮಾತು ಹೇಳ್ತೀನಿ. ಅಲ್ಲಿಗೆ ಮುಗೀತು."

"ಮುಗೀತು ಅಂದ್ರೆ ನನ್ನ ಹೆಸರು ಹೊಡೆದುಹಾಕ್ತಾರೆ, ಅಷ್ಟೇ ತಾನೆ?"

"ನಿನಗೆ ಈ ವಯಸ್ಸಲ್ಲಿ ಅದರಿಂದ ಆಗಬೇಕಾದ್ದಾದ್ರೂ ಏನೇ? ಬಡ್ತಿ ಬರುತ್ತಾ? ನೀರಿನ ಆಫೀಸಲ್ಲಿ ನಾಟಕದ ಪಿಎಚ್.ಡಿ. ಯಾರಿಗೆ ಬೇಕು?"

"ನನಗೆ ಬೇಕು," ಎಂದಳು ಗುಬ್ಬಿ.

ಒಂದು ಬೆಳಗ್ಗೆ ಸೊಸೆ ಬ್ರೆಡ್ಡಿನ ತಟ್ಟೆಯ ಜೊತೆ ದಪ್ಪ ರಟ್ಟಿನ ಪುಸ್ತಕವೊಂದನ್ನು ತಂದು ಮೇಜಿನ ಮೇಲಿಟ್ಟಳು. ಗಾಜಿನ ಕಪಾಟಿನಲ್ಲಿ ಪಿಂಗಾಣಿ ಬಟ್ಟಲುಗಳ ಪಕ್ಕ ಇರುತ್ತಿದ್ದ ಮೇಷ್ಟ್ರ ಪ್ರಬಂಧ.

"ಮದುವೆಯಾದಾಗಿಂದ ಇದರ ಧೂಳು ಒರೆಸಿದ್ದೀನಿ ರೀ. ಈ ವಾರ ಓದಿದೆ. ಮೂರನೇ ಅಧ್ಯಾಯದಲ್ಲಿ ಒಬ್ಬ ಕೆಲಸದ ಹೆಂಗಸಿನ ವಿಷಯ ಬರುತ್ತೆ. ನಾಟಕದುದ್ದಕ್ಕೂ ಬಾಗಿಲು ತೆಗೀತಾಳೆ, ಕೊನೆ ಅಂಕದಲ್ಲಿ ಮಾತ್ರ ತೆಗೆಯಲ್ಲ. ಯಾಕೆ ಹೇಳಿ?"

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಯಾಕೆಂದ್ರೆ... ಅದಕ್ಕೆ ಆ ಕಾಲದ ಸಾಮಾಜಿಕ ಹಿನ್ನೆಲೆ ನೋಡಬೇಕಾಗುತ್ತೆ. ವರ್ಗ, ಅಧಿಕಾರ... ತುಂಬಾ ವರ್ಷ ಆಯ್ತಲ್ಲ."

"ನೀವು ಬರೆದಿದ್ದೇ ತಾನೆ ರೀ?"

ಸಿಂಕಿನ ಮುಂದೆ ಲೋಟ ತೊಳೆಯುತ್ತಿದ್ದ ಗುಬ್ಬಿ ಇತ್ತ ತಿರುಗಲೂ ಇಲ್ಲ. "ಹೊರಗಿರೋರು ಒಂದು ಸಲವಾದ್ರೂ ತನ್ನನ್ನ ಹೆಸರು ಹಿಡಿದು ಕರೀಲಿ ಅಂತ ಒಳಗೆ ನಿಂತು ಕಾಯ್ತಿರ್ತಾಳೆ," ಎಂದಳು.

ಸೊಸೆ ಹಾಳೆ ತಿರುವಿದಳು. ಬೆರಳಿಟ್ಟು ಓದಿದಳು. ಅದೇ ಇತ್ತು. ಪುಸ್ತಕ ಮುಚ್ಚಿದಳು.

"ನನ್ನ ಅಂಗಡೀಲಿ ಚೀಟಿ ಇಲ್ದೆ ಬಂದವರಿಗೆ ಒಂದು ಗುಳಿಗೆ ಕೊಡಲ್ಲ ನಾನು," ಎಂದಳು ಮೆಲ್ಲಗೆ. "ಇಷ್ಟು ವರ್ಷ ಡಾಕ್ಟರ ಹೆಂಡತಿ ಅನ್ನಿಸ್ಕೊಂಡು ಅಂಗಡಿ ಬೋರ್ಡಿನ ಕೆಳಗೆ ಕೂತಿದ್ನಲ್ಲ."

"ಎಲ್ಲರೂ ಸೇರ್ಕೊಂಡು ನನ್ನ ಪರೀಕ್ಷೆ ಮಾಡ್ತೀರಾ?" ಮೇಷ್ಟ್ರು ಮೇಜಿಗೆ ಗುದ್ದಿ ಎದ್ದರು. ಟೀ ಚೆಲ್ಲಿತು. "ಜ್ವರದಲ್ಲೂ ನಾನು ಹೇಳ್ತಿದ್ದೆ, ಅವಳು ಹೊಡೀತಿದ್ಳು! ಮದುವೆ ಇಲ್ಲ, ಮಕ್ಕಳಿಲ್ಲ, ನನ್ನ ಮನೇಲಿ ಕೂತು ತಿಂದು ನನಗೇ ಗುಂಡಿ ತೋಡ್ತಾಳೆ!"

"ಯಾರ ಮನೆ?" ಎಂದಳು ಕಂಡಕ್ಟರಮ್ಮ. "ನನ್ನ ಚೀಲದಿಂದ ಬಂದ ಮನೆ ಇದು. ಮಾತು ನೋಡ್ಕೊಂಡು ಆಡು."

ಹದಿಮೂರರ ಮೊಮ್ಮಗಳಿಗೆ ಈ ಗಲಾಟೆಯಲ್ಲಿ ಅರ್ಥವಾದದ್ದು ಒಂದೇ. ಅದನ್ನೇ ಕೇಳಿದಳು.

"ಅಪ್ಪಾ, ಹಾಗಾದ್ರೆ ಕಾಪಿ ಹೊಡ್ದಿದ್ದು ನೀನಾ?"

ಫಟ್ಟೆಂದು ಕೆನ್ನೆಗೆ ಏಟು ಬಿತ್ತು. ಮೇಷ್ಟ್ರು ಆ ಮಗುವಿನ ಮೇಲೆ ಹುಟ್ಟಿದಾಗಿನಿಂದ ಕೈಯೆತ್ತಿದವರಲ್ಲ. ಹುಡುಗಿ ಅಳಲಿಲ್ಲ, ಕಣ್ಣು ಕಣ್ಣು ಬಿಟ್ಟು ಅಪ್ಪನನ್ನು ನೋಡಿದಳು. ಮೇಷ್ಟ್ರು ತಮ್ಮ ಅಂಗೈಯನ್ನೇ ನೋಡಿಕೊಂಡರು. ಚೆಲ್ಲಿದ ಟೀ ಮೇಜಿನ ಅಂಚಿನಿಂದ ತೊಟ್ಟಿಕ್ಕುತ್ತಿದ್ದರೂ ಒರೆಸಲು ಯಾರೂ ಏಳಲಿಲ್ಲ.

ಮರುದಿನ ಮಹಡಿಯ ಮೇಲೆ ಒಗೆದ ಬಟ್ಟೆ ಹರವುತ್ತಿದ್ದಾಗ ಕಂಡಕ್ಟರಮ್ಮ ಮಗಳ ಪಕ್ಕ ನಿಂತಳು. ಹೇಳಿಬಿಡಬೇಕು ಎಂದುಕೊಂಡೇ ಮೆಟ್ಟಿಲು ಹತ್ತಿದ್ದಳು. ಹಾಸಿಗೆ ಬಟ್ಟೆಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ಗುಬ್ಬಿಯ ಕೈಯಲ್ಲಿ.

"ಗುಬ್ಬಿ, ಅವತ್ತು ನೀನು ಯಾಕೆ ಬಾಯಿಬಿಡಲಿಲ್ಲ?"

"ಯಾರ ಹತ್ರ ಬಾಯಿಬಿಡ್ಲಿ? ಅಣ್ಣ ಕೋಣೇಲಿ ಬಿದ್ದಿದ್ದ. ಅಣ್ಣನದು ಮುಗಿಸಿಕೊಡು, ಆಮೇಲೆ ನಿನ್ನದು ಅಂತ ನೀನು ಅಂದೆ. ಟೈಪ್ ಮಾಡೋದು ಅಂದ್ಕೊಂಡು ಹಾಗಂದೆ ಅಂತ ನನಗೆ ಗೊತ್ತಿತ್ತು." ಗುಬ್ಬಿ ಬಟ್ಟೆಯನ್ನು ಜಾಡಿಸಿ ಹಗ್ಗಕ್ಕೆ ಹಾಕಿದಳು. "ಒಂದೊಂದು ಸಲ ನಿನ್ನ ಮೇಲೂ ಕೋಪ ಬರೋದಮ್ಮ. ಆಮೇಲೆ ಅಂದ್ಕೊಳ್ತಿದ್ದೆ, ಅವಳಿಗೆ ಇಂಗ್ಲಿಷ್ ಬರಲ್ಲ, ಪಾಪ, ಅವಳಿಗೇನು ಗೊತ್ತು? ಗೊತ್ತಿದ್ದಿದ್ರೆ ಬಿಡ್ತಿದ್ಳಾ? ಬಸ್ಸಿಂದ ಸೋದರತ್ತೇನೇ ಇಳಿಸಿದವಳು."

ಗುಬ್ಬಿ ನಕ್ಕಳು. ಆ ವಾರದಲ್ಲಿ ನಕ್ಕದ್ದು ಅದೇ ಮೊದಲು. ಕಂಡಕ್ಟರಮ್ಮ ಹಗ್ಗಕ್ಕೆ ಹಾಕಬೇಕಿದ್ದ ಕ್ಲಿಪ್ಪನ್ನು ತನ್ನ ಸೆರಗಿಗೇ ಸಿಕ್ಕಿಸಿಕೊಂಡಳು. ಮಗಳು ಇಷ್ಟು ವರ್ಷ ತನ್ನನ್ನು ಹೊಟ್ಟೆಗೆ ಹಾಕಿಕೊಂಡದ್ದು, ಅಮ್ಮನಿಗೆ ಗೊತ್ತಿರಲಿಲ್ಲ ಎಂಬ ಒಂದೇ ಕಾರಣಕ್ಕೆ! ಪಕ್ಕದ ಹಗ್ಗದಲ್ಲಿ ಒಣಗಿದ್ದ ಬಟ್ಟೆಗಳನ್ನು ಬಾಚಿಕೊಂಡು ಮಡಚದೆಯೇ ಕೆಳಗೆ ಬಂದಳು.

ಸಮಿತಿಯ ದಿನ ಹತ್ತಿರ ಬಂದಾಗ ಮಗ ಅಡುಗೆಮನೆಗೆ ಬಂದು ಅಕ್ಕಿ ಡಬ್ಬದ ಮೇಲೆ ಕೂತ. ಚಿಕ್ಕಂದಿನಲ್ಲಿ ಏನಾದರೂ ಬೇಕಾದಾಗ ಹಾಗೆಯೇ ಕೂರುತ್ತಿದ್ದ.

"ಅಮ್ಮಾ, ನೀನೂ ಬರಬೇಕು. ನಾನು ಹೇಳ್ತಿದ್ದೆ, ಅವಳು ಟೈಪ್ ಮಾಡ್ತಿದ್ಳು ಅಂತ ಒಂದು ಮಾತು ಹೇಳು. ನನ್ನ ಪದವಿ ಹೋದ್ರೆ ಕೆಲಸವೂ ಹೋಗುತ್ತೆ. ಬೀದೀಲಿ ತಲೆಯೆತ್ತಿ ತಿರುಗೋ ಹಾಗಿಲ್ಲ. ಅವಳಿಗೇನು, ನೀರಿನ ಕೆಲಸ ಇದ್ದೇ ಇದೆ."

"ನೀನು ನಿಜವಾಗ್ಲೂ ಹೇಳ್ತಿದ್ಯೇನೋ, ಮಗಾ?"

"ಹೇಳ್ತಿದ್ದೆ ಅಮ್ಮ. ನನಗೆ ಚೆನ್ನಾಗಿ ನೆನಪಿದೆ." ಅವನ ಕಣ್ಣಲ್ಲಿ ಸುಳ್ಳಿರಲಿಲ್ಲ. ಕಂಡಕ್ಟರಮ್ಮನಿಗೆ ಭಯವಾದದ್ದು ಅದಕ್ಕೇ. ಟೈಪ್ ಮಾಡಿಕೊಟ್ಟಳು ಎಂದು ತಾನು ಊರಿಗೆ ಹೇಳಿದ್ದನ್ನು ಕೇಳಿ ಕೇಳಿ ಅವನು ನಂಬಿಯೇ ಬಿಟ್ಟಿದ್ದ.

ಬಾಗಿಲಲ್ಲಿ ಗುಬ್ಬಿ ನಿಂತಿದ್ದಳು. "ಕರ್ಕೊಂಡು ಹೋಗು ಅಣ್ಣ. ಅಮ್ಮ ಕಂಡಿದ್ದನ್ನ ಕಂಡ ಹಾಗೆ ಹೇಳ್ಲಿ. ನನಗೆ ಅವಳ ಮೇಲೆ ಬೇಜಾರಿಲ್ಲ," ಎಂದಳು.

ಆ ದಿನ ಮೇಷ್ಟ್ರು ಸ್ಕೂಟರಿನಲ್ಲಿ ಮುಂಚೆಯೇ ಹೊರಟರು. ತಾಯಿ ಮಗಳು ಬಸ್ಸಿಗೆ ನಡೆದರು. ಅರ್ಧ ದಾರಿಯಲ್ಲಿ ಕಂಡಕ್ಟರಮ್ಮನಿಗೆ ಪರ್ಸನ್ನು ಮೇಜಿನ ಮೇಲೇ ಬಿಟ್ಟುಬಂದದ್ದು ನೆನಪಾಯಿತು. "ನಾನಿದ್ದೀನಲ್ಲ, ಬಾರಮ್ಮ," ಎಂದು ಗುಬ್ಬಿ ಕೈಹಿಡಿದು ಹತ್ತಿಸಿದಳು. "ಎರಡು ಕೊಡಿ," ಎಂದು ಟಿಕೆಟ್ ತೆಗೆದುಕೊಂಡು ಒಂದನ್ನು ತಾಯಿಯ ಬಳೆಯೊಳಗೆ ಸಿಕ್ಕಿಸಿದಳು. ಕಿಟಕಿಯ ಪಕ್ಕದ ಸೀಟು ತಾಯಿಗೆ ಬಿಟ್ಟುಕೊಟ್ಟಳು. ದಾರಿಯುದ್ದಕ್ಕೂ ಕಂಡಕ್ಟರಮ್ಮ ಬಳೆಯೊಳಗಿನ ಆ ಚೀಟಿಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು.

ಸಮಿತಿ ಕೂತದ್ದು ಒಂದು ಉದ್ದ ಕೋಣೆಯಲ್ಲಿ. ನಡುವೆ ಅಧ್ಯಕ್ಷರೆಂಬ ಬೋಳುತಲೆಯ ಪ್ರಾಧ್ಯಾಪಕರು, ಒಂದು ಪಕ್ಕ ಗುಬ್ಬಿಯ ಗೈಡ್ ಆದ ಮೇಡಂ, ಇನ್ನೊಂದು ಪಕ್ಕ ಬರೆದುಕೊಳ್ಳುವ ಗುಮಾಸ್ತ. ಮುಂದೆ ಕೆಂಪು ಗೆರೆ ತುಂಬಿದ ಹಾಳೆಗಳು. ಮೇಷ್ಟ್ರು ಚೆನ್ನಾಗಿ ಮಾತಾಡಿದರು. ತಂಗಿಯ ಮೇಲೆ ತಮಗೆ ಕೋಪವಿಲ್ಲ, ಅವಳು ಕೆಟ್ಟವಳಲ್ಲ, ನೆನಪಿನ ಗೊಂದಲ ಅಷ್ಟೇ ಎಂದರು. ಗುಬ್ಬಿ, "ಅವು ನನ್ನ ವಾಕ್ಯಗಳು" ಎಂದು ಮಾತ್ರ ಹೇಳಿದಳು. ಸಾಕ್ಷಿ ಏನು ಎಂದು ಅಧ್ಯಕ್ಷರು ಕೇಳಿದರೆ ಮತ್ತೆ ಅದನ್ನೇ ಹೇಳಿದಳು. ಗೈಡ್ ಮೇಡಂ ಹಣೆ ಒತ್ತಿಕೊಂಡರು.

"ನೀವು ತಾಯಿ ಅಲ್ವಾ?" ಅಧ್ಯಕ್ಷರು ಮೆತ್ತಗೆ ಕೇಳಿದರು. "ಇಬ್ಬರೂ ನಿಮ್ಮ ಮಕ್ಕಳೇ, ಕಷ್ಟ ಅಂತ ಗೊತ್ತು. ನೀವು ನೋಡಿದ್ದಷ್ಟು ಹೇಳಿ."

ಕಂಡಕ್ಟರಮ್ಮ ಎದ್ದು ನಿಂತಳು. ಬಸ್ಸಿನಲ್ಲಿ ಕಂಬ ಹಿಡಿದು ನಿಲ್ಲುವಂತೆ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ನಮ್ಮ ಮನೇಲಿ ಮೇಜು ಒಂದೇ ಸಾರ್. ದಿನಾ ಊಟಕ್ಕೆ ಮುಂಚೆ ನಾನೇ ಖಾಲಿ ಮಾಡ್ತಿದ್ದೆ. ನೋಡಿ ಟೈಪ್ ಮಾಡೋಕೆ ಅಲ್ಲಿ ಕಾಗದ ಇರಲಿಲ್ಲ."

"ಅಮ್ಮಾ!" ಎಂದ ಮಗ.

"ಇವನು ಕೋಣೇಲಿ ಬಾಗಿಲು ಹಾಕ್ಕೊಂಡು ಮಲಗಿರ್ತಿದ್ದ. ಗಂಜಿ ಕುಡಿಸೋಕೆ ಎಬ್ಬಿಸಿದ್ರೆ ಎರಡು ಮಾತಾಡೋಕೂ ತ್ರಾಣ ಇರಲಿಲ್ಲ. ಅವಳು ಒಬ್ಬಳೇ ಗೋಡೆ ನೋಡ್ತಾ ಕೂತಿರ್ತಿದ್ಳು. ಒಂದು ಸಾಲು ಹೊಡೀತಿದ್ಳು, ಬಾಯಲ್ಲಿ ಅಂದು ನೋಡ್ತಿದ್ಳು, ಅಳಿಸ್ತಿದ್ಳು. ತಟ್ಟೆ ಮುಂದಿಟ್ಟು ಕರೆದ್ರೂ ಕೇಳಿಸ್ತಿರಲಿಲ್ಲ. ನೋಡ್ಕೊಂಡು ಹೊಡೆಯೋರು ಹಾಗೆ ಕೂರಲ್ಲ ಸಾರ್. ಅದು ಅವಳು ಬರೆದಿದ್ದು."

ಗುಮಾಸ್ತನ ಪೆನ್ನು ನಿಂತಿತು. ಅಧ್ಯಕ್ಷರು ಮಗನ ಕಡೆ ತಿರುಗಿದರು. "ನೀವು ಹೇಳಿ ಬರೆಸಿದ್ದು ಅಂದ್ರಲ್ಲ. ಒಂದು ವಾಕ್ಯ ಹೇಳಿ ನೋಡೋಣ."

ಮಗ ಬಾಯಿ ತೆರೆದ. ಮುಚ್ಚಿದ. ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಹೇಳಿದ್ದೆ ಅಂತಲೇ ನೆನಪು ಸಾರ್," ಎಂದ. ಅಷ್ಟು ಹೇಳುವಷ್ಟರಲ್ಲಿ ಅವನ ಧ್ವನಿ ಬಿದ್ದುಹೋಯಿತು. ಕೆಂಪು ಗೆರೆಯ ಹಾಳೆ ನೋಡುತ್ತ, "ಇಲ್ಲ. ನಾನು ಬರೆಸಿಲ್ಲ," ಎಂದ. ಕಂಡಕ್ಟರಮ್ಮ ಮಗನ ಕಡೆ ನೋಡಲಾರದೆ ಕೂತುಬಿಟ್ಟಳು. ಅವನೂ ಹೆತ್ತ ಮಗನೇ ಅಲ್ಲವೇ?

ಗುಬ್ಬಿಯ ಪ್ರಬಂಧವನ್ನು ತಡೆಹಿಡಿಯಲು ಕಾರಣ ಕಾಣುವುದಿಲ್ಲ, ಅಣ್ಣನ ಪದವಿಯ ವಿಚಾರ ಬೇರೆ ಸಮಿತಿಗೆ ಹೋಗುತ್ತದೆ ಎಂದು ಅಧ್ಯಕ್ಷರು ಬರೆಸಿದರು. ಗೈಡ್ ಮೇಡಂ ಎದ್ದುಬಂದು ಗುಬ್ಬಿಯ ಭುಜ ತಟ್ಟಿದರು. ಗುಬ್ಬಿಗೆ ಅದು ತಿಳಿದಂತೆಯೇ ಇರಲಿಲ್ಲ. ಅವಳು ತಾಯಿಯನ್ನೇ ನೋಡುತ್ತಿದ್ದಳು, ಆ ಮುಖವನ್ನು ಮೊದಲ ಸಲ ಕಂಡವಳ ಹಾಗೆ.

"ನಿನಗೆ ಗೊತ್ತಿತ್ತಾ?"

"ಗುಬ್ಬಿ..."

"ಅವತ್ತೇ ಗೊತ್ತಿತ್ತಾ? ನಾನು ಬಂದು ನಾನೂ ಸೇರ್ಲಾ ಅಂತ ಕೇಳಿದಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

ಗುಬ್ಬಿ ತಲೆಯಾಡಿಸಿದಳು. ಕೆಂಪು ಗೆರೆಯ ಹಾಳೆಗಳನ್ನು ಜೋಡಿಸಿ ಚೀಲಕ್ಕೆ ಹಾಕಿಕೊಂಡು ಹೊರಟಳು. ಕಂಡಕ್ಟರಮ್ಮ ಹಿಂದೆಯೇ ಓಡಿದಳು. ಮಗಳ ಹೆಜ್ಜೆಗೆ ಅವಳ ಮಂಡಿ ಸಾಟಿಯಾಗಲಿಲ್ಲ, ಬಸ್ಸು ಹೊರಡುವ ಹೊತ್ತಿಗೆ ಹೇಗೋ ಹತ್ತಿಕೊಂಡಳು.

ಗುಬ್ಬಿ ಕಿಟಕಿಯ ಪಕ್ಕ ಕೂತು, ಪಕ್ಕದ ಸೀಟಿನ ಮೇಲೆ ಚೀಲ ಇಟ್ಟಿದ್ದಳು. ಕಂಡಕ್ಟರಮ್ಮ ಹಿಂದಿನ ಸೀಟಿನಲ್ಲಿ ಕೂತಳು. ಎಳೆವಯಸ್ಸಿನ ಕಂಡಕ್ಟರ್ ಹುಡುಗಿಯೊಬ್ಬಳು ಟಿಕೆಟ್ ಕೊಡುತ್ತ ಬಂದಳು.

"ಒಂದು," ಎಂದಳು ಗುಬ್ಬಿ.

"ಹಿಂದೆ ಇರೋರು ನಿಮ್ಮ ಜೊತೆಯವರಲ್ವಾ? ಅವರದು?"

"ಅವರನ್ನೇ ಕೇಳಿ."

ಅವರನ್ನೇ ಕೇಳಿ! ಹುಟ್ಟಿದಾಗಿನಿಂದ ನೀನು, ಅವಳು, ಅಮ್ಮ ಎಂದವಳು. ಕಂಡಕ್ಟರಮ್ಮನ ಕಿವಿಯಲ್ಲಿ ಬಸ್ಸಿನ ಸದ್ದೂ ನಿಂತುಹೋಯಿತು. ಹುಡುಗಿ ಇತ್ತ ಬಂದು ಮುಖ ನೋಡಿ ಹಲ್ಲು ಕಿರಿದಳು.

"ಅಯ್ಯೋ, ನೀವು ನಮ್ಮ ಹಳೇ ಕಂಡಕ್ಟರಮ್ಮ ಅಲ್ವಾ? ನಿಮ್ಮ ಹೆಸರು ಹೇಳಿ ಡಿಪೋದಲ್ಲಿ ಇವತ್ತಿಗೂ ನಮ್ಮನ್ನ ಹೆದರಿಸ್ತಾರೆ. ಕೂತ್ಕೊಳ್ಳಿ ಅಮ್ಮ, ನಿಮಗೆಂಥ ಟಿಕೆಟ್ಟು!"

ಕಂಡಕ್ಟರಮ್ಮ ಮುಂದಿನ ಸೀಟಿನ ಕಡೆ ನೋಡಿದಳು. ಆ ತಲೆ ತಿರುಗಲಿಲ್ಲ. ಬಳೆಯೊಳಗೆ ಬೆಳಗಿನ ಚೀಟಿ ಇನ್ನೂ ಇತ್ತು, ಬೆವರಿಗೆ ಮೆತ್ತಗಾಗಿತ್ತು.

"ಟಿಕೆಟ್ ಇಲ್ಲ ನನ್ನ ಹತ್ರ, ದುಡ್ಡೂ ಇಲ್ಲ. ಟಿಕೆಟ್ ಇಲ್ಲ ಅಂದ್ರೆ ಇಳೀಬೇಕು. ನಿಲ್ಲಿಸಮ್ಮ."

"ಬಿಸಿಲು ಸುಡ್ತಿದೆ, ಇನ್ನೂ ಅಷ್ಟು ದೂರ..."

"ನಿಲ್ಲಿಸು."

ಹುಡುಗಿ ಸೀಟಿ ಊದಿದಳು. ಕಂಡಕ್ಟರಮ್ಮ ಕಂಬ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ಬಸ್ಸು ಹೊರಟಾಗ ಕಿಟಕಿಯಲ್ಲಿ ಗುಬ್ಬಿ ಕಾಣಿಸಿದಳು. ಮಡಿಲಲ್ಲಿ ಆ ಹಾಳೆಗಳನ್ನು ಬಿಚ್ಚಿಕೊಂಡು, ಕೆಂಪು ಗೆರೆಯ ಮೇಲೆ ಬೆರಳಿಟ್ಟು, ತುಟಿ ಅಲುಗಿಸುತ್ತ ಓದುತ್ತಿದ್ದಳು. ಕಂಡಕ್ಟರಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಸ್ಸು ಹೋದ ದಾರಿಯಲ್ಲೇ ನಡೆಯತೊಡಗಿದಳು.